ಪಾಳಿ ಇಲ್ಲದ ಪಾರ್ಕು

ಶಹಾಬಾದದಲ್ಲಿ ಕಲ್ಲು ಪಾಲಿಶ್ ಮಾಡುವ ಸಂಗಮೇಶ್ವರ ಪಾಳಿಯಲ್ಲಿ ನಿಲ್ಲುವ ಪೈಕಿಯೇ ಅಲ್ಲ. ಕಟಿಂಗ್ ಅಂಗಡಿಯಲ್ಲಿ ನಾಲ್ಕು ಜನ ಕಾದಿದ್ದರೆ ಗಡ್ಡ ಬಿಟ್ಟುಕೊಂಡೇ ಮನೆಗೆ ಬರುವ ಆಸಾಮಿ. ಅಂಥವನ ಹೆಂಡತಿ ರಾಜೇಶ್ವರಿಗೆ ಮದುವೆಯಾದಾಗಿನಿಂದ ಇದ್ದದ್ದು ಒಂದೇ ಆಸೆ. ಹೈದರಾಬಾದಿನ ಹೊರಗೆ ಒಂದು ಥೀಮ್ ಪಾರ್ಕ್ ಇದೆಯಲ್ಲ, ಅಲ್ಲಿ ಗುಡ್ಡದಷ್ಟು ಎತ್ತರಕ್ಕೆ ಹತ್ತಿ ಧಡಾರನೆ ನೀರಿಗೆ ಧುಮುಕುವ ದೋಣಿಯಲ್ಲಿ ಒಮ್ಮೆ ಕೂರಬೇಕು. ಆಕೆ ಕೇಳಿದಾಗಲೆಲ್ಲ ಇವನದು ಒಂದೇ ಉತ್ತರ, "ಈಗ ಟೈಮ್ ಸರಿ ಇಲ್ಲ."

ಬೇಸಿಗೆಯಲ್ಲಿ ಹೋದರೆ ಊರೂರಿನ ಮಕ್ಕಳೆಲ್ಲ ಅಲ್ಲೇ. ದಸರೆಯಲ್ಲೂ ಅದೇ ಗದ್ದಲ. ಚಳಿಗಾಲದಲ್ಲಿ ನೀರು ತಣ್ಣಗೆ. ಹೀಗೆ ತಳ್ಳುತ್ತ ತಳ್ಳುತ್ತ ರಾಜೇಶ್ವರಿಯ ಕೂದಲಿಗೆ ಮೆಹಂದಿ ಹಚ್ಚುವ ಕಾಲ ಬಂತು. ಈ ವರ್ಷ ಆಕೆ ತಾಟಿನಲ್ಲಿ ರೊಟ್ಟಿ ಹಾಕುವ ಮೊದಲೇ ಪಂದ್ಯ ಕಟ್ಟಿದಳು.

"ಈ ವರ್ಷ ನಾ ಆ ದೋಣ್ಯಾಗ ಕುಂದರಲಿಲ್ಲಂದ್ರ, ಇನ್ನ ಮುಂದ ಎಲ್ಲಿ ಹೋಗಬೇಕು, ಯಾವಾಗ ಹೋಗಬೇಕು ಅಂತ ಹೇಳಾಕಿ ನಾನು. ನೀವು ಬರೇ ಚೀಲ ಹೊರಾವ್ರು."

"ನೋಡ್ತಿರು," ಎಂದ ಸಂಗಮೇಶ್ವರ ಎದೆ ಸೆಟೆಸಿ. "ಪಾಳಿ ಅಂಬೋದ ಇರಬಾರದು, ಅಂಥಾ ಟೈಮ್ ಹುಡುಕ್ತೀನಿ. ಇಡೀ ಪಾರ್ಕ್ ನಿನ್ನೊಬ್ಬಾಕಿದ."

ಅಂದಿನಿಂದ ಅವನಿಗೆ ಹುಚ್ಚು ಕುತೂಹಲ ಹತ್ತಿತು. ಚಹಾ ಅಂಗಡಿಯಲ್ಲಿ, ಬಸ್ಸಿನಲ್ಲಿ, ಮಂದಿ ಮದುವೆಯ ಪಂಕ್ತಿಯಲ್ಲಿ ಅವನದು ಒಂದೇ ಪ್ರಶ್ನೆ: "ಪಾರ್ಕಿನ್ಯಾಗ ಮಂದಿ ಯಾವಾಗ ಇರಂಗಿಲ್ರಿ?" ಯಾಕೆ ಎಂದರೆ ಮಾತ್ರ, "ಸುಮ್ನ, ತಿಳಕೊಳ್ಳಾಕ" ಎನ್ನುತ್ತಿದ್ದ. ಕೊನೆಗೆ ಒಂದು ದಿನ, ಮಳೆ ಹಿಡಿದು ಗಣಿಗಳಲ್ಲೆಲ್ಲ ನೀರು ನಿಂತು, ಕಲ್ಲಿಲ್ಲದೆ ಪಾಲಿಶ್ ಮಶೀನು ಮಲಗಿದ್ದಾಗ ಅವನ ತಲೆಯಲ್ಲಿ ದೀಪ ಹತ್ತಿತು. ಮಳೆಗಾಲ! ದುಡ್ಡು ಕೊಟ್ಟು ನೆನೆಯಲು ಮಳೆಯಲ್ಲಿ ಯಾವನು ಹೋಗುತ್ತಾನೆ? ನೀರಿಗೆ ಬೀಳಲೆಂದೇ ಹೋಗುವವರಿಗೆ ಮಳೆ ಏನು ಮಾಡೀತು?

ಈ ಗುಟ್ಟು ಒಬ್ಬರಿಗೆ ತಿಳಿದರೂ ಸಂಜೆಯೊಳಗೆ ಇಡೀ ಶಹಾಬಾದ ಗಂಟು ಕಟ್ಟುತ್ತದೆ ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ಬಾಯಿಗೆ ಬೀಗ ಹಾಕಿಕೊಂಡು ಹೆಂಡತಿಯೊಂದಿಗೆ ರೈಲ್ವೆ ಸ್ಟೇಶನ್ನಿಗೆ ಹೋದರೆ, ಎದುರಿಗೆ ಬಂದವನು ಪಕ್ಕದ ಪಾಲಿಶ್ ಅಂಗಡಿಯ ಮಜೀದಸಾಬ. ಯಾರನ್ನೋ ರೈಲಿಗೆ ಬಿಟ್ಟು ತಿರುಗಿದ್ದ.

"ಏನ್ ಸಂಗಣ್ಣ, ಜೋಡೀಲೆ ಎಲ್ಲಿಗಿ ಹೊಂಟೀರಿ?"

ಸಂಗಮೇಶ್ವರನ ಬಾಯಿಗೆ ಬಂದದ್ದು ಇಷ್ಟೇ. "ಚಿಂಚೋಳಿಗಿ ಭಾಯ್. ನಮ್ಮ ಅತ್ತಿಯವರಿಗಿ ಭಾಳ ಆರಾಮಿಲ್ಲ."

"ಚಿಂಚೋಳಿಗಿ ರೈಲಾ?"

"ಸೇಡಂದಾಗ ಇಳದು ಬಸ್ಸಿಗಿ ಹೋಗ್ತೀವಿ."

ಮಜೀದಸಾಬನ ಮುಖ ಸಣ್ಣದಾಯಿತು. "ಅಲ್ಲಾ ಆರಾಮ ಮಾಡ್ಲಿ," ಎಂದು ಮನಸಾರೆ ಹರಸಿ ಹೋದ. ರೈಲು ಹತ್ತಿದ್ದೇ ರಾಜೇಶ್ವರಿ ಗಂಡನನ್ನು ತರಾಟೆಗೆ ತೆಗೆದುಕೊಂಡಳು.

"ಗಟ್ಟಿಮುಟ್ಟ ಇದ್ದ ನಮ್ಮವ್ವನ್ನ ಹಾಸಿಗಿಗಿ ಹಾಕಿಬಿಟ್ರಲ್ಲ?"

"ಎರಡು ದಿವಸದ ಮಾತು. ತಿರುಗಿ ಬರೋಮುಂದ ನಾನೇ ಎಬ್ಬಸ್ತೀನಿ."

ಮರುದಿನ ಬೆಳಿಗ್ಗೆ ಪಾರ್ಕಿನ ಬಾಗಿಲಲ್ಲಿ ನಿಂತಾಗ ಸಂಗಮೇಶ್ವರನ ಮುಖ ನೋಡಬೇಕಿತ್ತು. ಜಿಟಿಜಿಟಿ ಮಳೆ. ಪಾಳಿ ಹಚ್ಚಲೆಂದು ನೆಟ್ಟ ಕಬ್ಬಿಣದ ಕಂಬಿಗಳ ನಡುವೆ ಒಂದು ನಾಯಿ ಮಾತ್ರ ಮಲಗಿತ್ತು. ಅವನು ಬೇಕೆಂದೇ ಆ ಕಂಬಿಗಳ ಸಂದಿಯಲ್ಲಿ ಎರಡು ಸಲ ಸುತ್ತಿ ಬಂದು, "ಹೆಂಗ?" ಎಂದ. ರಾಜೇಶ್ವರಿಗೂ ಖುಷಿಯಾಗಿತ್ತು. ಇಬ್ಬರೂ ಓಡೋಡಿ ಹೋಗಿ ದೋಣಿಯಲ್ಲಿ ಕುಳಿತೇಬಿಟ್ಟರು. ದೋಣಿ ಅಲುಗಲಿಲ್ಲ.

"ಛೇ ಲೋಗಾಂ ಹೋನಾ, ಸಾಬ್," ಎಂದ ದೋಣಿ ಬಿಡುವವನು. ಆರು ಜನ ಬೇಕಂತೆ; ಅಷ್ಟಾಗದೆ ತೂಕ ಸರಿಬೀಳುವುದಿಲ್ಲ, ಬಿಡುವ ಹಾಗಿಲ್ಲ. ಮಂದಿ ಬರುವವರೆಗೆ ಕಾಯಬೇಕು.

"ಮಂದಿ ಎಲ್ಲಿ?" ಎಂದು ಕೇಳಿದಳು ರಾಜೇಶ್ವರಿ, ಗಂಡನ ಕಡೆ ತಿರುಗಿ. ಅವನು ದೋಣಿಯಿಂದ ಇಳಿದ.

ಮುಂದೆ ನಡೆದದ್ದನ್ನು ಹೇಳಲಿಕ್ಕೇ ನಗು ಬರುತ್ತದೆ. ಮಂದಿ ಬೇಡವೆಂದು ಮಂದಿಯನ್ನೆಲ್ಲ ಕೇಳಿ ಬಂದಿದ್ದ ಮನುಷ್ಯ, ಈಗ ಮಳೆಯಲ್ಲಿ ಮಂದಿಯನ್ನು ಹುಡುಕುತ್ತ ಅಲೆದ. ಗಿಡ ಕತ್ತರಿಸುವ ಮಾಲಿಯ ಕೈ ಹಿಡಿದ. ಪಾಪ್‌ಕಾರ್ನ್ ಮಾರುವವಳನ್ನು ಅಕ್ಕಾ ಎಂದ. ಯಾರೂ ಬರಲಿಲ್ಲ. ಮಧ್ಯಾಹ್ನವಾಯಿತು. ಖಾಲಿ ದೋಣಿಯಲ್ಲಿ ಸೆರಗು ಹೊದ್ದು ಒಬ್ಬಳೇ ಕುಳಿತ ಹೆಂಡತಿಯನ್ನು ದೂರದಿಂದ ನೋಡಿದ. ಪಂದ್ಯ ಹಾಳಾಗಲಿ, ಇಷ್ಟು ವರ್ಷ ಈಕೆಯನ್ನು ಕಾಯಿಸಿದೆನಲ್ಲ ಎಂದು ಕೊರಗಿದ.

ಅಷ್ಟರಲ್ಲಿ ಪ್ಲಾಸ್ಟಿಕ್ ಕೋಟು ತೊಟ್ಟ ಮೂವರು ಗೇಟಿನ ಕಡೆಯಿಂದ ಬರುವುದು ಕಂಡಿತು. ಓಡಿಹೋಗಿ ಕೈಮುಗಿದ. "ಸಾಬ್, ಮೆಹರ್ಬಾನಿ ಮಾಡಿ ದೋಣ್ಯಾಗ ಬರ್ರಿ."

ಮುಂದಿದ್ದವನು ತಲೆಯ ಮೇಲಿನ ಪ್ಲಾಸ್ಟಿಕ್ ಸರಿಸಿದ. ಮಜೀದಸಾಬ! ಹಿಂದೆ ಅವನ ಹೆಂಡತಿ ಹಸೀನಾಬೇಗಂ, ಮಗಳು ರುಕ್ಸಾರ್.

"ಸಂಗಣ್ಣ, ಇದು ಚಿಂಚೋಳಿ ಏನು?"

"ನೀವ್... ನೀವ್ ಹೆಂಗ ಬಂದ್ರಿ ಭಾಯ್?"

"ಮಂದಿ ಯಾವಾಗ ಇರಂಗಿಲ್ಲಂತ ನೀವು ಊರತುಂಬ ಕೇಳಾಕತ್ತಿದ್ರಿ. ನಂಗೂ ತಲ್ಯಾಗ ಹುಳ ಹೊಕ್ತು. ಹೆಂಗೂ ಮಶೀನು ಬಂದ್ ಅದ, ಕಾರು ತಗೊಂಡು ಬಂದ್ವಿ."

ನಾಚಿಕೆಯಿಂದ ನೆಲ ನೋಡುತ್ತಲೇ ಸಂಗಮೇಶ್ವರ ಲೆಕ್ಕ ಹಾಕಿದ. ಇವರು ಮೂವರು, ತಾವಿಬ್ಬರು. "ಇನ್ನೊಬ್ರು ಕಮ್ಮಿ ಬಿದ್ರಲ್ಲ," ಎಂದು ಗೊಣಗಿದ.

"ಇನ್ನೊಬ್ರು ಇದ್ದಾರ," ಎಂದಳು ಹಸೀನಾಬೇಗಂ. "ಅಲ್ಲಿ ಮಿರ್ಚಿ ಭಜಿ ತಿನ್ನಾಕತ್ತಾರ. ಚಿಂಚೋಳಿ ಮ್ಯಾಲೇ ದಾರಿ, ಬೀಮಾರ ಇದ್ದೋರ ಮನಿ ಮುಂದ ಹಾದು ಹೋಗೋಮುಂದ ಮಾತಾಡಿಸದೆ ಹೆಂಗ ಬರೋದ್ರಿ ಅಣ್ಣಾ? ಸೇಬು ತಗೊಂಡು ಹೋದ್ವಿ. ಹಾಸಿಗ್ಯಾಗ ಇರಲಿಲ್ಲ, ಮಾಳಗಿ ಮ್ಯಾಲ ಹತ್ತಿ ಸೋರೋ ಜಾಗಕ್ಕ ಮಣ್ಣು ಮೆತ್ತಾಕತ್ತಿದ್ರು."

ಅಷ್ಟು ಹೇಳುವುದರಲ್ಲಿ ಅತ್ತೆ ವಿಮಲಾಬಾಯಿ ಕೈ ಒರೆಸಿಕೊಳ್ಳುತ್ತ ಬಂದೇಬಿಟ್ಟಳು.

"ಅಳ್ಯಾರ, ನಂಗ ಭಾಳ ಆರಾಮಿಲ್ಲಂತಲ್ಲ? ಇವರು ಸೇಬು ತರೋತನಕ ನಂಗ ಗೊತ್ತೇ ಇರಲಿಲ್ಲ ನೋಡ್ರಿ. ಸುಳ್ಳು ಹೇಳಿ ಹೋಗ್ಯಾರಂದ್ರ ಭಾಳ ಚಲೋ ಜಾಗಕ್ಕೇ ಹೋಗಿರಬೇಕು ಅನ್ಕೊಂಡೆ. ಇವರು ನಾವು ಪಾರ್ಕಿಗಿ ಹೊಂಟೀವಿ ಅಂದ್ರು. ನಾನೂ ಬರ್ತೀನಂದೆ."

ಸಂಗಮೇಶ್ವರ ತಲೆ ಕೆರೆದುಕೊಂಡ. ಗದ್ದಲ ಕೇಳಿ ದೋಣಿಯಿಂದ ಇಳಿದು ಬಂದಿದ್ದ ರಾಜೇಶ್ವರಿ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ಅಳುವಷ್ಟು ನಕ್ಕಳು.

ಆರು ಜನ ಕುಳಿತರು. ರೋಗಿಯೆಂಬ ಮರ್ಯಾದೆಯಿಂದ ವಿಮಲಾಬಾಯಿಗೆ ಮುಂದಿನ ಸೀಟು, ಪಕ್ಕದಲ್ಲಿ ಮಗಳು. ದೋಣಿ ಮೇಲೇರಿ, ತುದಿಯಲ್ಲಿ ಒಂದು ಗಳಿಗೆ ನಿಂತು, ಧಡಾರನೆ ಧುಮುಕಿತು. ರಾಜೇಶ್ವರಿ ಕೇಕೆ ಹಾಕಿದ್ದು ಶಹಾಬಾದಕ್ಕೂ ಕೇಳಿರಬೇಕು. ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಮಜೀದಸಾಬನ ಕುತ್ತಿಗೆಗೆ ಜೋತುಬಿದ್ದಿದ್ದ ಸಂಗಮೇಶ್ವರನಿಗೂ ಆ ಕೇಕೆ ಕೇಳಿ ಜೀವ ತಂಪಾಯಿತು.

ತೊಯ್ದು ತೊಪ್ಪೆಯಾಗಿ ಕೆಳಗಿಳಿದ ಮೇಲೆ ಅವನು ಮೆಲ್ಲಗೆ ಗೆದ್ದವನ ಮುಖ ಮಾಡಲು ನೋಡಿದ. "ಅಂತೂ ದೋಣ್ಯಾಗ ಕುಂತಿ. ನನ್ನ ಟೈಮ್ ಸರಿ ಇತ್ತು ಹೌದಿಲ್ಲೋ?"

ರಾಜೇಶ್ವರಿ ಬಾಯಿ ತೆರೆಯುವ ಮೊದಲೇ ವಿಮಲಾಬಾಯಿ ಸೀರೆಯ ನೀರು ಹಿಂಡುತ್ತ ಹೇಳಿದಳು:

"ಭಾಳ ಸರಿ ಇತ್ತು ಅಳ್ಯಾರ. ಬರೋ ವರ್ಷ ನಾ ಯಾವಾಗ ಹಾಸಿಗಿ ಹಿಡೀಬೇಕು, ಜರಾ ಮೊದಲೇ ಹೇಳ್ರಿ. ಇನ್ನೊಂದು ಸೀರಿ ಇಟ್ಕೊಂಡು ಬರ್ತೀನಿ."