ತುಕ್ಕು ತಿಕ್ಕಿದವಳ ತಿಕ್ಕಲು

"ಭಾನುವಾರ ಅಪ್ಪ ಬರೋ ಹೊತ್ತಿಗೆ ಆ ಕಾರಿನ ಪೆಟ್ರೋಲ್ ಟ್ಯಾಂಕ್ ಇಳಿಸಿ, ತುಕ್ಕು ತೊಳೆದು, ಕಾರು ಓಡಿಸ್ದೇ ಹೋದ್ರೆ ನನ್ನ ಹೆಸರೇ ಬದಲಾಯಿಸಿ!" ಎಂದು ಶುಕ್ರವಾರ ಸಂಜೆ ನಾನು ಘೋಷಿಸಿದೆ.

"ಏನಂತ ಇಡ್ಲಿ?" ಎಂದರು ನಮ್ಮ ಯಜಮಾನರು, ಪೇಪರಿನಿಂದ ತಲೆ ಎತ್ತದೆ.

ಕಾರು ಅಪ್ಪನದು. ಮೂವತ್ತು ವರ್ಷ ಅದನ್ನು ಮಗುವಿನಂತೆ ಸಾಕಿ, ಎರಡು ವರ್ಷದ ಹಿಂದೆ ನನಗೆ ಕೊಟ್ಟಿದ್ದರು. "ಒಂದೇ ಒಂದು ದೋಷ ಇಲ್ಲ ಪುಟ್ಟಿ, ಕಣ್ಣು ಮುಚ್ಚಿ ಓಡ್ಸು" ಎಂದಿದ್ದರು. ಅದು ನಿಂತು ಎಂಟು ತಿಂಗಳಾಗಿದೆ. ಶೆಡ್ಡಿನ ಅರೆಬೆಳಕಿನಲ್ಲಿ, ಯಾರೋ ಕರೆದಾರೆಂದು ಕಿವಿಗೊಟ್ಟು ಕೂತ ಮುದುಕಿಯಂತೆ ಕೂತಿದೆ. ಇದು ಅಪ್ಪನಿಗೆ ಗೊತ್ತಿಲ್ಲ. ಪ್ರತಿ ವಾರ ಫೋನಿನಲ್ಲಿ "ಕಾರು ಹೇಗಿದೆ?" ಎನ್ನುತ್ತಾರೆ. "ಬೆಣ್ಣೆ ಹಾಗೆ ಓಡ್ತಿದೆ ಅಪ್ಪ" ಎನ್ನುತ್ತೇನೆ. ಮೊದಲ ಸುಳ್ಳು ಅವರ ಮನಸ್ಸು ನೋಯದಿರಲಿ ಎಂದು. ಉಳಿದವೆಲ್ಲ ಆ ಮೊದಲನೆಯದಕ್ಕೆ ಒಂಟಿತನ ಕಾಡದಿರಲಿ ಎಂದು! ಈಗ ಅಪ್ಪ ಬರುತ್ತಿದ್ದಾರೆ. "ಏನೂ ಬೇಡ, ನನ್ನ ಕಾರಲ್ಲಿ ಒಂದು ಸುತ್ತು ಕರ್ಕೊಂಡು ಹೋಗು ಸಾಕು" ಎಂದುಬಿಟ್ಟಿದ್ದಾರೆ.

ಮೆಕ್ಯಾನಿಕ್ಕು ಟ್ಯಾಂಕಿನ ಬಾಯಿಗೆ ಟಾರ್ಚು ಬಿಟ್ಟು ನೋಡಿ, "ಬರೀ ತುಕ್ಕು ಮೇಡಂ. ಎರಡು ವಾರ ಆಗತ್ತೆ" ಎಂದ.

ಎರಡು ವಾರ! ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವ ನನಗೆ ತುಕ್ಕಿನ ಹೆದರಿಕೆಯೇ? ತುಕ್ಕೆಂದರೇನು? ಕಬ್ಬಿಣ, ಆಮ್ಲಜನಕ, ನೀರು, ಈ ಮೂವರ ಕೂಡು ಕುಟುಂಬ. ನಡುವೆ ಒಂದಿಷ್ಟು ಹುಳಿ ಹಿಂಡಿದರೆ ಎಂಥ ಕುಟುಂಬವೂ ಒಡೆಯುತ್ತದೆ!

ಶನಿವಾರ ಬೆಳಿಗ್ಗೆ ಡಿಕ್ಕಿಯ ಕೆಳಗೆ ತೂರಿದೆ. ಟ್ಯಾಂಕನ್ನು ಹಿಡಿದಿದ್ದ ಬೋಲ್ಟುಗಳು ನಾಲ್ಕು. ಮೂರು ಮರ್ಯಾದಸ್ಥ ಬೋಲ್ಟುಗಳು. ನಾಲ್ಕನೆಯದು ಮಾತ್ರ ಸ್ಪ್ಯಾನರನ್ನು ಕಂಡರೆ ಅತ್ತ ತಿರುಗಿಕೊಳ್ಳುವ ಜಾತಿ. ಅದು ಬಿಟ್ಟುಕೊಂಡಾಗ ಟ್ಯಾಂಕು ನೇರ ನನ್ನ ಹೊಟ್ಟೆಯ ಮೇಲೆ ಇಳಿಯಿತು.

"ರೀ! ಟ್ಯಾಂಕು ಬಂತು!"

"ಒಳಗೆ ಬರೋಕೆ ಹೇಳು."

ಹಳೆಯ ಪೆಟ್ರೋಲನ್ನು ಡಬ್ಬಕ್ಕೆ ಬಸಿದು, ಟ್ಯಾಂಕನ್ನು ಅಂಗಳದ ಗಾಳಿಗೆ ಇಟ್ಟೆ. ಯಜಮಾನರು ಬೆಂಕಿಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು ಗೇಟಿನಾಚೆ ಹೋಗಿ ನಿಂತರು. ಮಧ್ಯಾಹ್ನ ಟ್ಯಾಂಕಿಗೆ ಎಂಟು ಬಾಟಲಿ ವಿನೆಗರ್ ಕುಡಿಸಿದೆ. ಒಳಗಿನ ತುಕ್ಕನ್ನು ಕೆರೆಯಲು ಏನಾದರೂ ಗಟ್ಟಿ ವಸ್ತು ಬೇಕಲ್ಲ? ಗೇಟಿನ ಸರಪಳಿಯನ್ನೇ ಬಿಚ್ಚಿ ಒಳಗೆ ಇಳಿಬಿಟ್ಟೆ. ಆಮೇಲೆ ಟ್ಯಾಂಕಿಗೆ ಒಂದು ಹೊದಿಕೆ ಸುತ್ತಿ ಜಗುಲಿಯ ಈ ತುದಿಯಿಂದ ಆ ತುದಿಗೆ ಉರುಳಿಸಿದೆ. ಝಣ್! ಗಡಗಡ! ಝಣ್! ಎದುರು ಮನೆಯ ಅಜ್ಜಿ ಕಿಟಕಿ ತೆರೆದು, "ಮನೆ ಖಾಲಿ ಮಾಡ್ತಿದ್ದೀರೇನಮ್ಮ?" ಎಂದು ಆಸೆಯಿಂದ ಕೇಳಿದರು.

ಸಂಜೆ ಯಜಮಾನರು ಕೇಳಿದರು: "ಗೇಟಿನ ಸರಪಳಿ ಎಲ್ಲಿ?"

"ಟ್ಯಾಂಕಲ್ಲಿ."

"ನನ್ನ ಹೊದಿಕೆ?"

"ಟ್ಯಾಂಕಿನ ಮೇಲೆ."

"ಸದ್ಯ, ನಾನು ಹೊರಗಿದ್ದೀನಿ!"

ಹೋಗುವಾಗ ಹಾವಿನಂತೆ ಸರಸರ ಹೋದ ಸರಪಳಿ ಬರುವಾಗ ಬರಲೊಲ್ಲದು. ವಿನೆಗರನ್ನು ಬಕೆಟ್ಟಿಗೆ ಬಸಿದುಕೊಂಡು, ಇಬ್ಬರೂ ಟ್ಯಾಂಕನ್ನು ತಲೆಕೆಳಗೆ ಹಿಡಿದು, ಒಂದು ಗಂಟೆ ಕುಲುಕಿ, ಬೈದು, ಬೇಡಿಕೊಂಡ ಮೇಲೆ ಅದು ತುದಿ ತೋರಿಸಿತು. ರಾತ್ರಿಯೆಲ್ಲ ನೆನೆಯಲೆಂದು ವಿನೆಗರನ್ನು ಮತ್ತೆ ಒಳಗೆ ಸುರಿದೆ.

ಭಾನುವಾರ ಬೆಳಿಗ್ಗೆ ವಿನೆಗರ್ ಬಸಿದೆ. ಚಹಾದ ಬಣ್ಣದ ನೀರು ಬಂತು, ಒಳಗೆ ಬೆಳ್ಳಿ ಮಿನುಗಿತು! ಉಳಿದ ಹುಳಿ ಹೋಗಲೆಂದು ಅಡುಗೆ ಸೋಡಾದ ನೀರಿನಿಂದ ಒಳಗೂ ಹೊರಗೂ ತೊಳೆದೆ. ಟ್ಯಾಂಕಿನ ತಳದ ಹೊರಮೈಯಲ್ಲಿ ಒಂದು ಕಡೆ ಬೂದು ಬಣ್ಣದ ಕೊಳೆ ಗಟ್ಟಿಯಾಗಿ ಅಂಟಿತ್ತು. ಬಿಡುವವಳೇ ನಾನು? ತಿಕ್ಕಿದೆ. ನೊರೆ ಬಂತು. ಇನ್ನೂ ತಿಕ್ಕಿದೆ. ನೊರೆಯೋ ನೊರೆ!

"ಇಷ್ಟೊಂದು ನೊರೆ ಯಾಕೆ?" ಎಂದರು ಯಜಮಾನರು.

"ಆಮ್ಲಕ್ಕೆ ಸೋಡಾ ಸೇರಿದ್ರೆ ಇಂಗಾಲದ ಡೈಆಕ್ಸೈಡ್ ಬರತ್ತೆ. ಹೈಸ್ಕೂಲ್ ಪಾಠ ಇದು!"

"ನಿಂಬೆಹಣ್ಣಿನ ವಾಸನೆ ಬರ್ತಿದೆಯಲ್ಲ?"

"ಆಮ್ಲ ಅಂದ್ಮೇಲೆ ಹುಳಿ ವಾಸನೆ ಬರ್ದೆ ಮಲ್ಲಿಗೆ ವಾಸನೆ ಬರತ್ತಾ?"

ವಿಜ್ಞಾನಕ್ಕೆ ಸೋತ ಯಜಮಾನರು ಪೇಪರಿಗೆ ಮರಳಿದರು.

ಬಿಸಿಲಲ್ಲಿ ಒಣಗಿಸಿ, ಟ್ಯಾಂಕು ಕೂರಿಸಿ, ಐದು ಲೀಟರ್ ಹೊಸ ಪೆಟ್ರೋಲ್ ಸುರಿದೆವು. ಅಪ್ಪ ಗೇಟು ದಾಟುವುದಕ್ಕೂ ನಾನು ಕೀಲಿ ತಿರುಗಿಸುವುದಕ್ಕೂ ಸರಿಹೋಯಿತು. ಕಾರು ಕೆಮ್ಮಿತು, ಯೋಚಿಸಿತು, ಗುರ್ ಎಂದಿತು! ಅಪ್ಪನ ಮುಖ ಅರಳಿದ್ದನ್ನು ಕಂಡು, ಎಂಟು ತಿಂಗಳ ಸುಳ್ಳುಗಳೆಲ್ಲ ಒಂದೇ ಏಟಿಗೆ ನಿಜವಾದವು ಎಂದು ನನ್ನ ಕಣ್ಣು ತುಂಬಿತು.

"ಕಾರೂ ಅಳ್ತಿದೆ ಕಣೇ," ಎಂದರು ಯಜಮಾನರು, ಕೆಳಗೆ ಬಗ್ಗಿ. "ಆಫ್ ಮಾಡು, ಆಫ್ ಮಾಡು!"

ಟ್ಯಾಂಕಿನ ತಳದಿಂದ ತೊಟ್ಟು ತೊಟ್ಟಾಗಿ ಪೆಟ್ರೋಲು ನೆಲಕ್ಕಿಳಿಯುತ್ತಿತ್ತು. ಬಕೆಟ್ಟು ತಂದು ಒಡ್ಡಿದೆ. ಅಪ್ಪ ಮಂಡಿಯೂರಿ, ಬೆರಳಿನಿಂದ ಸವರಿ ನೋಡಿ, ದಂಗಾಗಿ ಕೇಳಿದರು:

"ಇಲ್ಲಿದ್ದ ಸೋಪು ಎಲ್ಲಿ ಹೋಯ್ತು?"



"ಯಾವ ಸೋಪು ಅಪ್ಪ?"

ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ನಿಂಗೆ ಕೊಡೋ ಹಿಂದಿನ ದಿನ ಒಂದು ಸಣ್ಣ ತೂತು ಕಾಣಿಸ್ತು. ಬಟ್ಟೆ ಸೋಪು ನಾದಿ ಮೆತ್ತಿದ್ದೆ. ದೋಷ ಇಲ್ಲ ಅಂತ ಅಷ್ಟರಲ್ಲಾಗ್ಲೇ ಬಾಯಿಬಿಟ್ಟು ಹೇಳಿಬಿಟ್ಟಿದ್ನಲ್ಲ... ಅದಕ್ಕೇ ವಾರ ವಾರ ಕೇಳ್ತಿದ್ದೆ, ಹೇಗಿದೆ ಅಂತ. ನೀನು ಬೆಣ್ಣೆ ಹಾಗೆ ಓಡ್ತಿದೆ ಅಂದೆ. ಎಂಥಾ ಸೋಪಪ್ಪ ಅಂತ ನಾನು ಊರೆಲ್ಲ ಹೊಗಳಿಕೊಂಡು ಬಂದೆ!"

ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಈ ಪಾಠವನ್ನು ನಾನು ಪ್ರತಿವರ್ಷ ಮಾಡುತ್ತೇನೆ. ಪರೀಕ್ಷೆಗೂ ಕೊಡುತ್ತೇನೆ. ನಾಲ್ಕು ಅಂಕಕ್ಕೆ.

ನಾನೂ ಎಂಟು ತಿಂಗಳ ಕಥೆ ಒಪ್ಪಿಸಿದೆ. ಅಪ್ಪನೂ ನಾನೂ ಒಬ್ಬರ ಮುಖ ಒಬ್ಬರು ನೋಡಲಾರದೆ ಬಕೆಟ್ಟನ್ನೇ ನೋಡುತ್ತ ನಿಂತೆವು. ಕೊನೆಗೆ ಅಪ್ಪ ಮೆಲ್ಲಗೆ, "ಒಂದು ಸೋಪು ಕೊಡು ಪುಟ್ಟಿ, ಸೋರೋದಾದ್ರೂ ನಿಲ್ಲಿಸೋಣ" ಎಂದರು.

ಮನೆಯಲ್ಲಿ ಸೋಪಿನ ಚೂರೂ ಇರಲಿಲ್ಲ. ಎರಡು ದಿನದಿಂದ ಕೈಗೆ ಹತ್ತಿದ ಪೆಟ್ರೋಲಿನ ವಾಸನೆ ತೊಳೆದು ತೊಳೆದು ನಾನೇ ಮುಗಿಸಿದ್ದೆ.

"ಬೇರೆ ಸೋಪು ಯಾಕೆ ಮಾವ?" ಎಂದರು ಯಜಮಾನರು. "ಎರಡು ವರ್ಷದಿಂದ ಅಪ್ಪ ಮಗಳು ಫೋನಲ್ಲಿ ಒಬ್ಬರಿಗೊಬ್ಬರು ಹಾಕ್ಕೊಂಡಿದ್ದೀರಲ್ಲ, ಆ ಸೋಪು ಇನ್ನೂ ನಾಲ್ಕು ಟ್ಯಾಂಕಿಗೆ ಸಾಕು!"

ಅಪ್ಪ ಕೇಳಿದ್ದ ಒಂದು ಸುತ್ತು ಅಂತೂ ಸಿಕ್ಕಿತು. ಅಂಗಡಿಯವರೆಗೆ, ಕಾಲ್ನಡಿಗೆಯಲ್ಲಿ, ನನ್ನ ಕೈ ಹಿಡಿದುಕೊಂಡು. ಬೀದಿಯ ತಿರುವು ಬರುವಷ್ಟರಲ್ಲಿ ಗೇಟಿನಿಂದ ಕೂಗು ಕೇಳಿಸಿತು:

"ತಿಕ್ಕಮ್ಮಾ! ನಿಂಬೆಹಣ್ಣಿನ ವಾಸನೇದೇ ತಗೊಂಡು ಬಾ!"

ಯಾರನ್ನು ಕರೆಯುತ್ತಿದ್ದಾರೆ ಎಂದು ಅಪ್ಪ ಅತ್ತಿತ್ತ ನೋಡಿದರು. ಹೆಸರು ಬದಲಾಯಿಸಿ ಎಂದವಳು ನಾನೇ ತಾನೆ?

"ಆಯ್ತು ರೀ" ಎಂದೆ.