ಕಣ್ಣು ಮುಚ್ಚಿ ಕಂಡ ತಿಮಿಂಗಿಲ

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಉಳಿದವರನ್ನು ಬೈಯಲು ಅನುಕೂಲವಾಗುತ್ತದೆ. ನಾಲ್ಕು ವರ್ಷ ಕಾದು, ದುರ್ಬೀನು ಕೊಂಡು, ರಜೆ ಹಾಕಿ ಐದು ಸಲ ಕಡಲಿಗೆ ಹೋಗಿ, ಕೊನೆಗೂ ಒಂದು ತಿಮಿಂಗಿಲ ನನ್ನ ದೋಣಿಯ ಪಕ್ಕದಲ್ಲೇ ಎದ್ದಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ನಿದ್ದೆ ಬಂದಿರಲಿಲ್ಲ, ಹೆದರಿಕೆಯೂ ಆಗಿರಲಿಲ್ಲ. ಕೈ ಮುಗಿಯುತ್ತಿದ್ದೆ!

ನಂಜನಗೂಡಿನವನಿಗೆ ಯಾಕಪ್ಪ ತಿಮಿಂಗಿಲದ ಉಸಾಬರಿ ಎಂದು ನೀವು ಕೇಳಬಹುದು. ಕೇಳದವರು ಯಾರಿದ್ದಾರೆ? ನಾನು ಕೆಲಸ ಮಾಡುವ ಕಾರ್ಖಾನೆಯ ಸ್ಟೋರ್ಸಿನಲ್ಲಿ ಎಲ್ಲರೂ ಕೇಳಿಯಾಯಿತು. ನಾನು ಮಿಮಿಕ್ರಿ ಮಾಡುತ್ತೇನೆ, ಅವರಿಗೆ ನನ್ನಿಂದ ಬೇಕಾದದ್ದು ಮ್ಯಾನೇಜರರ ದನಿ, ಕ್ಯಾಂಟೀನಿನವನ ನಡಿಗೆ, ಗುಂಡ್ಲುಪೇಟೆ ಬಸ್ಸಿನ ಕಂಡಕ್ಟರನ ಸೀಟಿ, ಇಷ್ಟೇ. ನಾನು ಡಾಲ್ಫಿನ್ ನೀರಿನಿಂದೆದ್ದು 'ಪುಸ್' ಎಂದು ಉಸಿರು ಬಿಡುವುದನ್ನು ಅಷ್ಟು ಸೊಗಸಾಗಿ ಮಾಡಿ ತೋರಿಸಿದರೆ, "ಕುಕ್ಕರ್ರಾ?" ಎನ್ನುತ್ತಾರೆ. ಹೋಗಲಿ, ದುರ್ಬೀನನ್ನು ಅಭ್ಯಾಸ ಮಾಡೋಣವೆಂದು ಕಪಿಲೆಯ ದಡಕ್ಕೆ ಹೋಗಿ ಆಚೆ ದಡದ ನೀರುಕಾಗೆಯನ್ನು ನೋಡುತ್ತಿದ್ದೆ. ಈಚೆ ದಡದಲ್ಲಿ, ದುರ್ಬೀನಿನ ನೇರಕ್ಕೇ, ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬರು ಸೊಂಟಕ್ಕೆ ಕೈಯಿಟ್ಟು ಎದ್ದು ನಿಂತು, "ಯಾರ್ ಮಗ್ನೋ ನೀನು? ಅದೇನ್ ಕಂಡೀಯ ಅಂತ ಹಂಗ್ ನೋಡ್ತಿದ್ದೀ?" ಎಂದರು. "ಕಾಗೆ" ಎಂದೆ. ಅವರು ಒದ್ದೆ ಸೀರೆಯನ್ನು ಹಿಂಡಿ ಹಗ್ಗದಂತೆ ಹುರಿ ಮಾಡತೊಡಗಿದ ಮೇಲೆ ಅಲ್ಲಿ ನಿಲ್ಲಲಿಲ್ಲ. ಜ್ಞಾನಾರ್ಜನೆಗೆ ನಮ್ಮ ಕಡೆ ಇರುವ ಪ್ರೋತ್ಸಾಹ ಇದು.

ನನಗೆ ಪ್ರೋತ್ಸಾಹ ಸಿಗುತ್ತಿದ್ದದ್ದು ಒಂದೇ ಕಡೆ. ಮೈಸೂರಿನಲ್ಲಿ ನಮ್ಮಂಥ ಕಡಲ ಹುಚ್ಚರ ಒಂದು ವಾಟ್ಸಾಪ್ ಗುಂಪಿದೆ. ಕಡಲಿಲ್ಲದ ಊರಲ್ಲಿ ಕಡಲ ಗುಂಪೇ ಎಂದು ನಗಬೇಡಿ, ಹಸಿದವನಿಗೇ ಅಲ್ಲವೇ ಊಟದ ಧ್ಯಾನ? ನಿವೃತ್ತ ಜೀವಶಾಸ್ತ್ರದ ಮೇಷ್ಟ್ರೊಬ್ಬರು ಅದರ ಯಜಮಾನರು. ಯಾರು ಯಾವ ಪ್ರಾಣಿ ಕಂಡರು ಎಂಬ ಪಟ್ಟಿ ಇಟ್ಟಿದ್ದಾರೆ. ಡಾಲ್ಫಿನ್, ಕಡಲಾಮೆ, ಕಡಲ ಹದ್ದುಗಳ ಮುಂದೆ ಎಲ್ಲರ ಹೆಸರೂ ಇದೆ. ತಿಮಿಂಗಿಲದ ಮುಂದೆ ಮಾತ್ರ ಎರಡೇ ಹೆಸರು. ಮೂರನೆಯದು ನನ್ನದಾಗಬೇಕು ಎಂಬುದು ನನ್ನ ಹಟ. ಮೇಷ್ಟ್ರ ನಿಯಮ ಕಟ್ಟುನಿಟ್ಟು: ಫೋಟೋ ಇರಬೇಕು, ಇಲ್ಲವೆ ಜೊತೆಯಲ್ಲಿದ್ದವರು ಯಾರಾದರೂ ಕಂಡದ್ದನ್ನು ಅವರಿಗೆ ತಾವಾಗಿ ವಿವರಿಸಬೇಕು. ದೂರದಲ್ಲಿ ನೀರಿನ ಹಬೆ ಕಂಡಿತು ಎಂದರೆ ಒಪ್ಪುವುದಿಲ್ಲ. "ಹೊಗೆ ಕಂಡವನು ಒಲೆ ಕಂಡ ಹಾಗಲ್ಲ, ಮೈ ಕಾಣಬೇಕು" ಎನ್ನುತ್ತಾರೆ.

ಈ ಸಲ ಮನೆಯವರೆಲ್ಲ ಟೆಂಪೋ ಮಾಡಿಕೊಂಡು ಗೋಕರ್ಣಕ್ಕೆ ಹೊರಟಿದ್ದರು. ಇದೇ ಸಮಯವೆಂದು ನಾನು ಅವ್ವನಿಗೆ ಹೇಳಿ, ಹೇಳಿ, ಕಾರವಾರದವರೆಗೆ ಎಳೆದುಕೊಂಡು ಹೋಗಿ ಡಾಲ್ಫಿನ್ ನೋಡುವ ದೋಣಿ ಹತ್ತಿಸಿದೆ. ಅವ್ವ, ಚಿಕ್ಕಪ್ಪ, ಟಿ. ನರಸೀಪುರದ ಕಡೆಯ ಹೆಮ್ಮಿಗೆಯಿಂದ ಬಂದಿದ್ದ ದೊಡ್ಡವ್ವ, ನಾನು. ದೊಡ್ಡವ್ವ ಕಡಲು ನೋಡುತ್ತಿದ್ದದ್ದೇ ಮೊದಲು. ಹತ್ತಿದವಳೇ ಹಲಗೆಯನ್ನು ಎರಡೂ ಕೈಯಲ್ಲಿ ಅಮುಕಿ ಹಿಡಿದಳು. ಅರ್ಧ ಗಂಟೆ ಹೋದೆವು. ದೋಣಿಯವನು ಎಂಜಿನ್ ನಿಲ್ಲಿಸಲು ಬಗ್ಗಿದ. ಆಗ ಎದುರಿಗೆ ನೀರಿನಿಂದ ಆಳೆತ್ತರದ ಹಬೆ ಚಿಮ್ಮಿತು. "ಅಗೋ! ತಿಮಿಂಗಿಲ!" ಎಂದು ಕಿರುಚಿದೆ. ಕಿರುಚಿ ಸುಮ್ಮನಿದ್ದಿದ್ದರೆ ಇವತ್ತು ನನ್ನ ಚರಿತ್ರೆಯೇ ಬೇರೆ ಇರುತ್ತಿತ್ತು. ಅಷ್ಟರಲ್ಲಿ ಅವ್ವ, "ಸಾಕ್ಷಾತ್ ಸ್ವಾಮಿ ಕಣ್ರಪ್ಪಾ, ಕೈ ಮುಗೀರೋ!" ಎಂದು ಕೂಗಿದಳು. ಚಿಕ್ಕಪ್ಪ ಕೈ ಮುಗಿದು ಕಣ್ಣು ಮುಚ್ಚಿದರು. ಅವ್ವ ಕಣ್ಣು ಮುಚ್ಚಿದಳು. ದುರ್ಬೀನು ಕೊರಳಲ್ಲಿ, ಮೊಬೈಲು ಜೇಬಿನಲ್ಲಿ, ನಾನೂ ಕೈ ಮುಗಿದೆ, ನಾನೂ ಕಣ್ಣು ಮುಚ್ಚಿದೆ. ತೆರೆದಾಗ ಎಣ್ಣೆ ಸುರಿದಂತೆ ನುಣುಪಾದ ಒಂದು ವೃತ್ತ ನೀರಿನ ಮೇಲಿತ್ತು. ಕೆಳಗಿದ್ದವನು ಹೊರಟುಹೋಗಿದ್ದ.

ಇದಕ್ಕೆ ಯಾರನ್ನು ಬೈಯಲಿ ಹೇಳಿ. ದೇವಸ್ಥಾನದಲ್ಲಿ ಎರಡು ಗಂಟೆ ಸಾಲಿನಲ್ಲಿ ನಿಲ್ಲುತ್ತೇವೆ. ಮುಂದಿನವರ ತಲೆ ಅಡ್ಡ ಬಂದರೆ ಜಗಳವಾಡುತ್ತೇವೆ, "ಸ್ವಲ್ಪ ಬಗ್ಗಿ ಸ್ವಾಮಿ, ಕಾಣಿಸ್ತಿಲ್ಲ" ಎನ್ನುತ್ತೇವೆ. ಕೊನೆಗೆ ಪರದೆ ಸರಿದು ಮಂಗಳಾರತಿ ಎತ್ತಿದ ತಕ್ಷಣ ಮಾಡುವ ಮೊದಲ ಕೆಲಸವೇನು? ಕಣ್ಣು ಮುಚ್ಚುವುದು! ಹುಟ್ಟಿದಾಗಿನಿಂದ ನನಗೆ ಇದನ್ನೇ ಕಲಿಸಿದ್ದಾರೆ. ದೊಡ್ಡದು ಏನು ಕಂಡರೂ ರೆಪ್ಪೆ ತಾನಾಗಿಯೇ ಇಳಿಯುತ್ತದೆ. ಈ ರೆಪ್ಪೆಯನ್ನು ನಂಬಿಕೊಂಡು ನಾನು ವನ್ಯಜೀವಿ ವೀಕ್ಷಕನಾಗಲು ಹೊರಟಿದ್ದೆನಲ್ಲ, ಮೊದಲು ನನ್ನನ್ನೇ ಬೈದುಕೊಳ್ಳಬೇಕು. ಬೈದುಕೊಂಡೂ ಆಯಿತು. ಟೆಂಪೋದಲ್ಲಿ ಊರು ತಲುಪುವವರೆಗೆ ಅವ್ವನ ಜೊತೆ ಮಾತಾಡಲಿಲ್ಲ. ಅವಳು ಅದನ್ನು ಭಕ್ತಿ ಎಂದು ತಿಳಿದು ಎಲ್ಲರಿಗೂ ಹೇಳಿಕೊಂಡು ಬಂದಳು.

ಆದರೂ ಮೇಷ್ಟ್ರಿಗೆ ವರದಿ ಕಳಿಸಿದೆ. "ಮೈ ಕಂಡಿರಾ?" ಎಂದರು. ಜೊತೆಯಲ್ಲಿದ್ದವರು ಕಂಡರು ಎಂದೆ. "ಸರಿ, ಒಬ್ಬರಿಂದ ಹೇಳಿಸಿ." ದೋಣಿಯವನು ಎಂಜಿನ್ನಿಗೆ ಬಗ್ಗಿದ್ದವನು ಏನೂ ಕಂಡಿರಲಿಲ್ಲ. ಚಿಕ್ಕಪ್ಪನನ್ನು ಕೇಳಿದರೆ, "ನಂಗೆ ಒಳಗಣ್ಣಿಗೆ ಕಾಣಿಸ್ತು" ಎಂದರು. ಒಳಗಣ್ಣಿನ ಸಾಕ್ಷಿ ಮೇಷ್ಟ್ರು ಒಪ್ಪುತ್ತಾರೆಯೇ? ನನಗೂ ಸಿಟ್ಟು ಬಂತು. ಕಲೆ ಇರುವುದು ಯಾತಕ್ಕೆ! ಸಂಜೆ ಫೋನ್ ಮಾಡಿ ಚಿಕ್ಕಪ್ಪನ ದನಿಯಲ್ಲಿ, ಅವರ ಕೆಮ್ಮು, ಮಧ್ಯೆ ಮಧ್ಯೆ "ಏನಂದ್ರಿ?" ಎಲ್ಲ ಸೇರಿಸಿ, ತಿಮಿಂಗಿಲವನ್ನು ತಲೆಯಿಂದ ಬಾಲದವರೆಗೆ ಬಣ್ಣಿಸಿದೆ. ಮೇಷ್ಟ್ರು ಪೂರ್ತಿ ಕೇಳಿಸಿಕೊಂಡು, "ಬಹಳ ಚೆನ್ನಾಗಿದೆ. ಈಗ ನಿಮ್ಮ ಅಣ್ಣನ ಮಗನೂ ನೀವೂ ಇಬ್ಬರೂ ಒಟ್ಟಿಗೆ ಒಂದು ಸಲ 'ಹಲೋ' ಅನ್ನಿ ನೋಡೋಣ" ಎಂದರು. ನಾನು ಫೋನಿಟ್ಟೆ. ಮರುದಿನ ಗುಂಪಿನಲ್ಲಿ ಹೊಸ ನಿಯಮ ಬಂತು: ಸಾಕ್ಷಿ ಇನ್ನು ಮುಂದೆ ವಿಡಿಯೋ ಕಾಲಿನಲ್ಲಿ ಮಾತ್ರ. ಯಾರ ಹೆಸರೂ ಹಾಕಿರಲಿಲ್ಲ. ಆದರೆ ಎಲ್ಲರೂ ನನಗೇ ನಗುವಿನ ಚಿತ್ರ ಕಳಿಸಿದರು.

ಆಗ ಹೊಳೆದದ್ದು ದೊಡ್ಡವ್ವ. ಅವಳು ಕೈ ಮುಗಿದಿರಲು ಸಾಧ್ಯವೇ ಇಲ್ಲ, ಎರಡು ಕೈಯೂ ಹಲಗೆ ಹಿಡಿದಿದ್ದವು! ಭಾನುವಾರ ಬೆಳಿಗ್ಗೆಯೇ ಬಸ್ಸು ಹಿಡಿದು ಹೆಮ್ಮಿಗೆಗೆ ಓಡಿದೆ. ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕುಳಿತಿದ್ದಳು. "ದೊಡ್ಡವ್ವ, ನೀನು ಕಣ್ಣು ಮುಚ್ಚಿದ್ಯಾ?" ಎಂದೆ. "ಯಾಕ್ಲಾ ಮುಚ್ಲಿ? ಅದು ದೋಣಿ ಮ್ಯಾಕ್ ಬಂದ್ರೆ ಎತ್ಲಾಗ್ ಓಗಾದು ಅಂತ ನೋಡ್ತಾ ಕೂತಿದ್ದೆ" ಎಂದಳು. ನನಗೆ ಅವಳ ಕಾಲಿಗೆ ಬೀಳುವಷ್ಟು ಖುಷಿಯಾಯಿತು. ಬೆನ್ನು ಹೀಗೆ, ಬಾಲ ಹಾಗೆ ಎಂದು ಹೇಳಿಕೊಡಲು ಶುರುಮಾಡಿದರೆ, "ಸುಮ್ಕಿರು, ನಾ ಕಂಡುದ್ನ ನಾ ಯೋಳ್ತೀನಿ" ಎಂದು ಬಾಯಿ ಮುಚ್ಚಿಸಿದಳು.

ಮೇಷ್ಟ್ರು ವಿಡಿಯೋದಲ್ಲಿ ಬಂದರು. ನನ್ನ ತುಟಿ ಅಲ್ಲಾಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, "ಹೇಳಿ ಅಮ್ಮಾ, ಏನು ನೋಡಿದ್ರಿ?" ಎಂದರು.

"ಮೊದ್ಲು ಉಸ್ರು ಬುಡ್ತು ಸಾ, ಟ್ರಾಕ್ಟರ್ ಟೈರಿನ ಗಾಳಿ ಬುಟ್ಟಂಗೆ. ಆಮ್ಯಾಕೆ ತಲೆ ಎತ್ತುತು. ತಲೆ ಮ್ಯಾಲೆ ಗದ್ದೆ ಬದ ಹಾಕ್ದಂಗೆ ಮೂರು ಏರು. ಆಮ್ಯಾಕೆ ಬೆನ್ನು. ಬತ್ತಾನೇ ಅದೆ, ಬತ್ತಾನೇ ಅದೆ, ಮುಗಿಯಂಗೇ ಇಲ್ಲ. ಕೊನೀಗೆ ಬಾಲದ ಕಡೀಕೆ ಒಂದ್ ಸಣ್ ಕುಡ್ಲು. ಅಷ್ಟ್ ದೊಡ್ ಮೈಗೆ ಇಷ್ಟೇ ಕುಡ್ಲು!" ಎಂದು ಬೆರಳನ್ನು ಕುಡುಗೋಲಿನಂತೆ ಬಗ್ಗಿಸಿ ತೋರಿಸಿದಳು.

ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. "ಮೂರು ಏರು! ಅಮ್ಮಾ, ಮೂರೇ? ಸರಿಯಾಗಿ ನೋಡಿದ್ರಾ? ತಲೆ ಮೇಲೆ ಮೂರು ಏರು ಇರೋದು ಒಂದೇ ಜಾತಿಯ ತಿಮಿಂಗಿಲಕ್ಕೆ, ಅದೊಂದು ಗುರುತು ಸಾಕು! ನಿಮ್ಮ ಪೂರ್ತಿ ಹೆಸರು ಹೇಳಿ, ಪಟ್ಟಿಗೆ ಹಾಕಬೇಕು."

ನಾಲ್ಕು ವರ್ಷದ ತಪಸ್ಸು ನನ್ನದು, ಹೆಸರು ಇವಳದೇ? ಫೋನು ಕಿತ್ತುಕೊಂಡು, "ಸಾರ್, ಅನ್ಯಾಯ! ಅಲ್ಲಿಗೆ ಕರೆದುಕೊಂಡು ಹೋದವನು ನಾನು, ಮೊದಲು ಕೂಗಿದವನು ನಾನು. ನನ್ನ ಹೆಸರೂ ಹಾಕಲೇಬೇಕು!" ಎಂದು ಜಗಲಿ ನಡುಗುವಂತೆ ಕೂಗಿದೆ. ಮೇಷ್ಟ್ರು ಶಾಂತವಾಗಿ, "ಅಮ್ಮನನ್ನೇ ಕೇಳೋಣ. ಏನಮ್ಮಾ, ಇವರೂ ನೋಡಿದ್ರಾ?" ಎಂದರು.

ದೊಡ್ಡವ್ವ ಕೈಯಲ್ಲಿದ್ದ ಅವರೆಕಾಯಿಯ ಸಿಪ್ಪೆ ಎಸೆದು, ನನ್ನ ಮುಖವನ್ನೊಮ್ಮೆ ನೋಡಿ ಹೇಳಿದಳು:

"ಇವ್ನೆಲ್ ನೋಡ್ದ ಸಾ? ಆ ಮೀನೇ ಇವನ್ನ ಚೆಂದಾಗ್ ನೋಡ್ಕಂಡ್ ಓಯ್ತು. ಅದೂ ಒಂದ್ ಪಟ್ಟಿ ಮಡಗಿದ್ರೆ, ಅದ್ರಲ್ಲಿ ಇವನ ಎಸ್ರು ಬರ್ಕಳ್ಳಿ."