ವರ್ಷದ ಅತ್ಯುತ್ತಮ ಹಿಂಭಾಗ

ಮಾತು ಕಡಿಮೆ ಇರುವವನ ಮೇಲೆ ಇಂಥವು ಆಗಾಗ ಬಂದು ಬೀಳುತ್ತಲೇ ಇರುತ್ತವೆ. ಬೇಡ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಎಂಬತ್ತರ ದಶಕದಲ್ಲಿ ಅರಬ್ ನಾಡಿನ ಜಿದ್ದಾ ಬಂದರಿನ ಹಡಗು ಸರಕಿನ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದಾಗಲೂ ಹಾಗೆಯೇ ಆಯಿತು.

ಉಳಿದದ್ದು ಮುಖ

ನಮ್ಮ ಮ್ಯಾನೇಜರ್ ಇಂಗ್ಲೆಂಡಿನವರು. ಅವರಿಗೆ ಊರಿನ ಪತ್ರಿಕೆ ತಡವಾಗಿ ಬರುತ್ತಿತ್ತು. ಹೆಂಗಸರ ಚಿತ್ರಗಳಿಗೆ ಸೆನ್ಸಾರಿನವರು ಕಪ್ಪು ಶಾಯಿ ಬಳಿದಿರುತ್ತಿದ್ದರು. ಒಂದು ದಿನ ಸಾಹೇಬರು ಅಂಥ ಪುಟವೊಂದನ್ನು ನನ್ನ ಮುಂದೆ ಹಿಡಿದರು. ಅವರ ದೇಶದಲ್ಲಿ ಪ್ರತಿ ವರ್ಷ ಅತಿ ಸುಂದರ ಹಿಂಭಾಗವುಳ್ಳ ಪ್ರಸಿದ್ಧರಿಗೆ ತಮಾಷೆಗೆಂದು ಪ್ರಶಸ್ತಿ ಕೊಡುತ್ತಾರಂತೆ. ಗೆದ್ದ ನಟಿ ಹಿಂತಿರುಗಿ ನಗುತ್ತಿದ್ದಳು. ಹೆಗಲಿನಿಂದ ಕೆಳಗೆ ಅಮಾವಾಸ್ಯೆ.

“ತೀರ್ಪು ಸರಿಯೇ?” ಎಂದರು.

ನಾನು ಕನ್ನಡಕ ಸರಿಮಾಡಿಕೊಂಡು ನೋಡಿ, “ಹಲ್ಲು ಚೆನ್ನಾಗಿದೆ ಸರ್,” ಎಂದೆ.

ಗೋಡೆಗೆ ಮುಖ

ಶಾಯಿಯ ಮೇಲಿನ ಸಿಟ್ಟಿಗೋ ಏನೋ, ಕಚೇರಿಯಲ್ಲೇ ಒಂದು ಸ್ಪರ್ಧೆ ಎಂದು ಸಾಹೇಬರು ಸಾರಿದರು. ಹೆಂಗಸರಿಲ್ಲದ ಕಚೇರಿ, ಗಂಡಸರೇ ಗೋಡೆಗೆ ಮುಖ ಮಾಡಿ ಸಾಲಾಗಿ ನಿಂತರು. ನಾನು ಸ್ಪರ್ಧಿಯಲ್ಲ. ನನ್ನ ಬೆನ್ನು ನಡುವೆ ಎಲ್ಲೂ ತಂಗದೆ ನೇರ ಕಾಲಾಗಿಬಿಡುತ್ತದೆ. ಪ್ಯಾಂಟು ನಿಂತಿರುವುದು ಬೆಲ್ಟಿನ ಕೃಪೆ. ಅದೇ ಗೋಡೆಗೆ ಹಡಗುಗಳ ವೇಳಾಪಟ್ಟಿ ಅಂಟಿಸಲು ಹೋದವನನ್ನೂ ಸಾಲಿಗೆ ಸೇರಿಸಿಬಿಟ್ಟರು. ಯಾರೋ ಭುಜ ತಟ್ಟಿದರು. ತಿರುಗಿದರೆ ಚಪ್ಪಾಳೆ, ಕೈಗೆ ಹಿತ್ತಾಳೆಯ ಕಪ್.

ಶಾಲೆಯಲ್ಲಿ ಓಟಕ್ಕೂ ಸಿಗಲಿಲ್ಲ, ಭಾಷಣಕ್ಕೂ ಸಿಗಲಿಲ್ಲ. ಇದು ನನ್ನ ಬಾಳಿನ ಮೊದಲ ಬಹುಮಾನ. ಹಿಂದಿರುಗಿಸಲು ಕೈ ಬರಲಿಲ್ಲ.

ಸೋತವರಲ್ಲೊಬ್ಬನಾದ ಮಂಗಳೂರಿನ ಸಹೋದ್ಯೋಗಿ ನನ್ನ ಸುತ್ತ ಒಂದು ಪ್ರದಕ್ಷಿಣೆ ಬಂದ. “ಎಂತ ಮಾರಾಯ್ರೆ, ಇಷ್ಟು ವರ್ಷ ಕೂತುಕೊಂಡೇ ಅಡಗಿಸಿಟ್ಟಿದ್ದಿರಲ್ಲ!”

ಕಾವಲುಗಾರನ ತಪಾಸಣೆ

ಅಂಗಳದಲ್ಲಿ ನನ್ನನ್ನು ತಿರುಗಿಸಿ ನಿಲ್ಲಿಸಿ ಸಾಹೇಬರು ಒಂದು ಫೋಟೋ ತೆಗೆದರು. ಎರಡನೆಯದಕ್ಕೆ ಸಿದ್ಧವಾಗುವಾಗ, ಫೋಟೋ ನಿಷಿದ್ಧವಾದ ಬಂದರಿನಲ್ಲಿ ಕ್ಯಾಮೆರಾ ಕಂಡು ಗೇಟಿನ ಕಾವಲುಗಾರ ಓಡಿಬಂದ. “ಇಕಾಮಾ!”

ಇಕಾಮಾ ಎಂದರೆ ಅಲ್ಲಿ ವಾಸಿಸಲು ಪರವಾನಗಿಯ ಪುಸ್ತಕ. ನಮ್ಮನ್ನು ಕರೆಸಿಕೊಂಡ ಯಜಮಾನರು, ಅಂದರೆ ಕಫೀಲರು, ಮಾಡಿಸಿಕೊಟ್ಟದ್ದು. ಸಾಹೇಬರು ತಮ್ಮದನ್ನು ಡ್ರಾಯರಿನಲ್ಲೇ ಬಿಟ್ಟು ಓಡಾಡುತ್ತಿದ್ದರು. ನಮಗೆ ಅಷ್ಟು ಧೈರ್ಯವಿರಲಿಲ್ಲ. ಹಿಂದಿನ ಬಲಗಿಸೆಯಿಂದ ತೆಗೆದುಕೊಟ್ಟೆ. ಬಲಭಾಗ ಕುಸಿಯಿತು. ಎಡಗಿಸೆಯನ್ನೂ ತೋರಿಸು ಎಂದ. ಅದರಲ್ಲಿ ಕಫೀಲರ ಅನುಮತಿ ಪತ್ರಗಳ ದಪ್ಪ ಕಟ್ಟು. ಎಡಭಾಗವೂ ಹೋಯಿತು.

ಎಲ್ಲರೂ ನೋಡಿದರು. ನಾನು ಕಪ್ಪನ್ನು ಮೆಲ್ಲಗೆ ಮುಂದೆ ಚಾಚಿದೆ.

“ಬೇಗ ಎಲ್ಲ ಒಳಗಿಡು,” ಎಂದರು ಸಾಹೇಬರು ತಗ್ಗಿದ ದನಿಯಲ್ಲಿ. “ತೀರ್ಪು ಕೊಟ್ಟಾಗಿದೆ.”

ಮನೆಗೆ ಫೋನ್

ಆ ಮೊದಲ ಫೋಟೋವನ್ನು ಊರಿಗೆ ಹೊರಟವರ ಕೈಯಲ್ಲಿ ಹೆಂಡತಿಗೆ ಕಳಿಸಿದೆ. ಪ್ರಶಸ್ತಿಯ ವಿಷಯ ಬರೆದೆ. ಕಿಸೆಗಳ ವಿಷಯ ಬರೆಯಲಿಲ್ಲ. ಒಬ್ಬಳಾದರೂ ನಂಬಲಿ ಎಂಬ ಆಸೆ. ಶುಕ್ರವಾರ ರಜೆಯಲ್ಲಿ ಶರಫಿಯಾ ಪೇಟೆಗೆ ಹೋಗಿ ಫೋನಿಗೆ ಸರದಿ ನಿಂತು, ಉಡುಪಿಯ ಪಕ್ಕದ ಮನೆಗೆ ಅವಳನ್ನು ಕರೆಸಿ ಕೇಳಿದೆ: “ಫೋಟೋ ಸಿಕ್ಕಿತಾ?”

“ಸಿಕ್ಕಿತು. ತಲೆ ನಿಮ್ಮದೇ. ಕೆಳಗಿನದ್ದು ಯಾರದ್ದು?”

“ನನ್ನದೇ ಮಾರಾಯ್ತಿ.”

“ನನ್ನ ಹತ್ತಿರ ಹೇಳಬೇಡಿ. ನಿಮ್ಮ ಪ್ಯಾಂಟು ಒಗೆದವಳು ನಾನು. ಕಿಸೆಯಲ್ಲಿ ಎಂತ ಇಟ್ಟಿದ್ದಿರಿ?”

ನನ್ನ ಹಿಂದೆ ಸರದಿಯವರು ಕೆಮ್ಮುತ್ತಿದ್ದರು.

“ಇಕಾಮಾ,” ಎಂದೆ. “ಮತ್ತೆ... ಕಫೀಲರ ಪತ್ರಗಳು.”

ಆ ಕಡೆ ಪಕ್ಕದ ಮನೆಯವರೆಲ್ಲ ಸೇರಿ ನಕ್ಕ ಸದ್ದು. ಅದು ನಿಂತ ಮೇಲೆ ಅವಳೆಂದಳು:

“ಹಾಗಾದರೆ ಆ ಕಪ್ ಕಫೀಲರಿಗೆ ಕೊಟ್ಟು ಬನ್ನಿ. ಗೆದ್ದದ್ದು ಅವರದ್ದಲ್ಲವಾ?”